ಹೋಟೆಲ್ ಮಾಮ ಕಡಿದ ಬಿಂಬುಳಿ

ಕಳೆದ ವಾರ ಸಂಜೆ ಕರೆಂಟು ಹೋಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇಂಗು ಹಾಕುವ ಹೊತ್ತಿಗೆ ಸರಿಯಾಗಿ ಬತ್ತಿ ವಾಲಿ ಒಂದಿಷ್ಟು ಮೇಣ ಒಗ್ಗರಣೆ ಸೌಟಿಗೇ ಬಿತ್ತು. ಇಂಗು ಮತ್ತು ಮೇಣ ಒಟ್ಟಿಗೆ ಕಾದರೆ ಎಂಥ ವಾಸನೆ ಬರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾಗುವುದೂ ಬೇಡ. ನನಗೆ ಚೆನ್ನಾಗಿ ಗೊತ್ತು. ಸೌಟನ್ನು ಸಿಂಕಿಗೆ ಎಸೆದು ಬಾಲ್ಕನಿಗೆ ಹೋಗಿ ನಿಂತೆ. ಹೋಟೆಲ್ ಮಾಮ ನೆನಪಾದರು... ಹೂವಿನ ಪರಿಮಳಕ್ಕೋ ಅಗರಬತ್ತಿಗೋ ನೆನಪಾಗುವ ಮನುಷ್ಯ ಅವರಲ್ಲ.

ಅವರು ನಮ್ಮ ಮೇಲಿನ ಮನೆಯವರು. ಡೊಂಬಿವಲಿ ಪೂರ್ವದ ಈ ಹಳೆಯ ಕಟ್ಟಡದಲ್ಲಿ ಅವರದು ಕೊನೆಯ ಮಹಡಿ, ಅದರ ಮೇಲೆ ತಾರಸಿ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಬಹಳ ವರ್ಷ ಹೋಟೆಲು ನಡೆಸಿ, ಕೊನೆಗೆ ಗಲ್ಲಾವನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರು. ಉಡುಪಿ ಕಡೆಯವರು. ನನ್ನ ಅತ್ತೆಯ ಪಕ್ಕದ ಊರಿನವರು ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಗೆ ಬೆಲ್ ಒತ್ತದೆ ಒಳಗೆ ಬರುವ ಹಕ್ಕು ಅವರಿಗಿತ್ತು. ಗದಗಿನಿಂದ ಸೊಸೆಯಾಗಿ ಬಂದ ನನಗೆ ಈ ಹಕ್ಕು ಮೊದಲಿನಿಂದಲೂ ಸೇರಿರಲಿಲ್ಲ. ಮೇಲಾಗಿ ನನಗೆ ಹೇಸಿಗೆ ಬೇಗ. ಲೋಕಲ್ ರೈಲಿನ ಹಿಡಿ ಹಿಡಿದು ನಿಂತು ಬಂದ ದಿನ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವಳು ನಾನು. ಅಂಥವಳ ತಲೆಯ ಮೇಲೆ ದೇವರು ಇಂಥವರನ್ನು ತಂದು ಕೂರಿಸಿದ್ದ.

ಕೈಬಿಡುವಾದ ಹೋಟೆಲಿನವರು ಸಾಮಾನ್ಯವಾಗಿ ಸಂಘ, ಭಜನೆ, ಯಕ್ಷಗಾನ ಅಂತ ಓಡಾಡಿಕೊಂಡಿರುತ್ತಾರೆ. ಇವರಿಗೆ ಹಿಡಿದದ್ದು ಬೋನ್ಸಾಯಿ ಹುಚ್ಚು. ಮೊಬೈಲಿನಲ್ಲಿ ಯಾವುದೋ ದೇಶದವರ ವೀಡಿಯೋ ನೋಡಿ ಕಲಿತರು. ಅವರ ಇಂಗ್ಲಿಷು ತಿಳಿಯುವುದಿಲ್ಲವೆಂದು ಸದ್ದು ಬಂದ್ ಮಾಡಿ ಬರೀ ಕೈಗಳನ್ನು ನೋಡುತ್ತಿದ್ದರು. ಹೇಗೆ ಕಡಿಯಬೇಕು ಎಂಬುದು ಕೈ ನೋಡಿದರೆ ತಿಳಿಯುತ್ತದೆ, ಯಾವುದನ್ನು ಕಡಿಯಬಾರದು ಎಂಬುದು ತಿಳಿಯುವುದಿಲ್ಲ. ಗಿಡಕ್ಕೆ ಅನ್ನ ನೀರು ಕಡಿಮೆ ಮಾಡಿ ಕುಳ್ಳಗೆ ಮಾಡುವುದೇ ಬೋನ್ಸಾಯಿ ಅಂತ ನಾನು ಅಂದುಕೊಂಡಿದ್ದೆ. ಅದಲ್ಲವಂತೆ. ಮೊದಲು ಗಿಡವನ್ನು ಮನಸೋಯಿಚ್ಛೆ ಬೆಳೆಯಲು ಬಿಟ್ಟು ಕಾಂಡ ದಪ್ಪ ಮಾಡಬೇಕು. ದಪ್ಪವಾದ ಮೇಲೆ ಒಂದು ದಿನ ಬುಡದಿಂದ ಗೇಣೆತ್ತರಕ್ಕೆ ಕಡಿದು ಹಾಕಬೇಕು. ಮೋಟಿನ ಬದಿಯಲ್ಲಿ ಚಿಗುರು ಬಂದರೆ ಅದೇ ಹೊಸ ಕಾಂಡ. ಅದು ದಪ್ಪವಾದಾಗ ಅದನ್ನೂ ಸ್ವಲ್ಪ ಮೇಲೆ ಕಡಿಯಬೇಕು. ಹೀಗೆ ಕಡಿಯುತ್ತಾ ಹೋದರೆ ಬುಡ ದಪ್ಪ ತುದಿ ಸಪೂರ ಆಗಿ, ತಟ್ಟೆಯಲ್ಲಿ ಕೂತ ಗಿಡ ಮುದಿ ಮರದಂತೆ ಕಾಣುತ್ತದೆ. ಇದನ್ನೆಲ್ಲ ಅವರು ನನಗೆ ವಿವರಿಸಿದ್ದು ನಾನು ಊಟಕ್ಕೆ ಕೂತಿದ್ದಾಗ.

ತಾರಸಿಯ ತುಂಬ ಹೋಟೆಲಿನ ಖಾಲಿ ಎಣ್ಣೆ ಡಬ್ಬಿಗಳು. ಅವುಗಳಲ್ಲಿ ಅವರ ಕಡೆಯವರು ಗೋಳಿ ಎನ್ನುವ ಆಲ, ಅತ್ತಿ, ಹುಣಸೆ, ಕಾಗದದ ಹೂವು. ಒಂದನ್ನು ಗರಗಸದಿಂದ ನೇರ ಕುಯ್ದರು, ಮಳೆನೀರು ನಿಲ್ಲದಿರಲಿ ಎಂದು ಇನ್ನೊಂದನ್ನು ಓರೆಯಾಗಿ ಕುಯ್ದರು. ಒಂದರ ಮೋಟನ್ನು ಉಳಿಯಿಂದ ಹಕ್ಕಿಯ ಬಾಯಿಯಂತೆ ಸೀಳಿಟ್ಟರು. ಬೇಸಿಗೆಯಲ್ಲಿ ಕಡಿದು ನೋಡಿದರು, ಮಳೆಗೆ ಮುಂಚೆ ಕಡಿದು ನೋಡಿದರು, ಒಂದೂ ಎಲೆ ಉಳಿಸದೆ ಬೋಳಿಸಿ ನೋಡಿದರು. ಕಡಿದ ಮೇಲ್ಭಾಗಕ್ಕೆ ಅವರಲ್ಲಿ ಬೆಲೆಯೇ ಇರಲಿಲ್ಲ. ನೀರಿನ ಟಾಕಿಯ ಹಿಂದೆ ರಾಶಿ ಬೀಳುತ್ತಿತ್ತು, ಕೊಳೆಯುತ್ತಿತ್ತು, ಸೊಳ್ಳೆ ಏಳುತ್ತಿತ್ತು. ಬಟ್ಟೆ ಒಣಹಾಕಲು ಹೋದರೆ ತುಂಡು ತುಂಡಾದ ಕಾಂಡಗಳ ಮಧ್ಯೆ ಕಾಲಿಡಬೇಕು. ಆಸ್ಪತ್ರೆಯ ಹಿತ್ತಿಲಿಗೆ ಬಂದ ಹಾಗೆ ಅನ್ನಿಸುತ್ತಿತ್ತು ನನಗೆ.

ಅವರದೊಂದು ಹೋಟೆಲಿನ ಪದ್ಧತಿ ಇತ್ತು. ಬೆಳಗ್ಗೆ ಕಾವಲಿಗೆ ಹುಯ್ಯುವ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವುದಿಲ್ಲವಂತೆ. ಕಾವಲಿ ಹದಕ್ಕೆ ಬಂತೋ ಇಲ್ಲವೋ ನೋಡುವುದಕ್ಕೆ ಅದು. ಸುಟ್ಟರೂ ಹರಿದರೂ ಎತ್ತಿ ಬಿಸಾಡುವುದು. ಗಿಡಗಳಿಗೂ ಅದೇ ಲೆಕ್ಕ. ಹೊಸ ರೀತಿಯ ಕಡಿತ ಕಲಿತಾಗ ತಮ್ಮ ಪ್ರೀತಿಯ ಗೋಳಿಯ ಮೇಲೆ ಅವರು ಕೈಯಿಡುತ್ತಿರಲಿಲ್ಲ. ಮೊದಲು ಬೇರೆ ಯಾವುದಾದರೂ ಗಿಡದ ಮೇಲೆ ಮಾಡಿ ನೋಡುತ್ತಿದ್ದರು. ಬೇರೆ ಗಿಡ ಎಂದರೆ ಬೇರೆಯವರ ಗಿಡ. ಕೆಳಗಿನ ಮನೆಯ ಮರಾಠಿ ಅಜ್ಜಿಯ ದಾಸವಾಳ ಹಾಗೇ ಹೋಯಿತು. ಅಜ್ಜಿ ಕೂಗಾಡಿದಾಗ "ಮೊದಲ್ನೇ ದೋಸೆ ಅದು, ಹೋಗ್ಲಿ ಬಿಡಿ" ಎಂದು ಹೋಟೆಲಿನಿಂದ ಒಂದು ಡಬ್ಬಿ ಶಿರಾ ತರಿಸಿ ಕೊಟ್ಟರು. ಅಜ್ಜಿ ತಿಂದಳು. ನಾನಾಗಿದ್ದರೆ ಡಬ್ಬಿಯನ್ನು ಅವರ ಮುಖದ ಮೇಲೆ ಎಸೆಯುತ್ತಿದ್ದೆ.

ಕಡಿದ ಗಾಯಕ್ಕೆ ಹಚ್ಚುವ ಲೇಪವನ್ನು ಅಂಗಡಿಯಿಂದ ತರುತ್ತಿರಲಿಲ್ಲ, ತಾವೇ ತಾರಸಿಯಲ್ಲಿ ಕಾಯಿಸುತ್ತಿದ್ದರು. ಉರಿದು ಉಳಿದ ಮೇಣದಬತ್ತಿಯ ತುಂಡು, ಹರಳೆಣ್ಣೆ, ಅರಿಶಿನ, ಸುಣ್ಣ, ಇರುವೆ ಬರಬಾರದೆಂದು ಮುಷ್ಟಿ ತುಂಬ ಇಂಗು. ಅದರ ಹೊಗೆ ಇಳಿದು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅವರ ಉಗುರುಗಳ ಸಂದಿಯಲ್ಲಿ ಆ ಹಳದಿ ಜಿಡ್ಡು ಸದಾ ಇರುತ್ತಿತ್ತು. ಅದೇ ಕೈಯಿಂದ ನಾನು ಕರಿದಿಟ್ಟ ಚಕ್ಕುಲಿ ಎತ್ತಿಕೊಳ್ಳುತ್ತಿದ್ದರು. ಇದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಹೋಟೆಲಿನಲ್ಲಿ ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ರುಚಿ ನೋಡುತ್ತಾರಲ್ಲ, ಹಾಗೆ ಇವರು ಕಡಿದ ಕಾಂಡಕ್ಕೆ ಉಗುರಿನಿಂದ ಗೀರಿ ಅಲ್ಲಿ ನಾಲಗೆ ತಾಗಿಸಿ ನೋಡುತ್ತಿದ್ದರು. ಒಣ ರುಚಿ ಬಂದರೆ ಸತ್ತಿದೆ, ತೇವದ ರುಚಿ ಬಂದರೆ ಬದುಕಿದೆ. ಮೊದಲ ಸಲ ನೋಡಿದ ದಿನ ನಾನು ರಾತ್ರಿ ಊಟ ಮಾಡಲಿಲ್ಲ.

ಇಷ್ಟಾದರೂ ಅದು ಅವರ ಹುಚ್ಚು, ಅವರ ತಾರಸಿ ಎಂದು ಸುಮ್ಮನಿದ್ದುಬಿಡುತ್ತಿದ್ದೆ. ಆದರೆ ಅದೇ ತಾರಸಿಯ ಒಂದು ಮೂಲೆಯಲ್ಲಿ ನನ್ನ ಅತ್ತೆಯ ಬಿಂಬುಳಿ ಗಿಡವಿತ್ತು. ನೀಲಿ ಡ್ರಮ್ಮಿನಲ್ಲಿ ಆಳೆತ್ತರ ಬೆಳೆದಿತ್ತು. ಬಿಂಬುಳಿ ನೋಡದವರಿಗೆ ಹೇಳಬೇಕೆಂದರೆ, ಬೆರಳುದ್ದದ ಹಸಿರು ಕಾಯಿ, ಮೈಯೆಲ್ಲ ನೀರು, ಕಚ್ಚಿದರೆ ಕಿವಿಯವರೆಗೆ ಹುಳಿ. ಅದು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡಕ್ಕೇ ಅಂಟಿಕೊಂಡು ಗೊಂಚಲಾಗಿ ಬಿಡುತ್ತದೆ. ನನಗೆ ಹಿಡಿಸದ ಕಾಯಿ ಅದು. ಅತ್ತೆಗೆ ಮಾತ್ರ ಅದೇ ಆಧಾರ. ಸಕ್ಕರೆ ಕಾಯಿಲೆಯ ಮಾತ್ರೆಗಳಿಂದಲೋ ವಯಸ್ಸಿನಿಂದಲೋ ಅವರ ನಾಲಗೆ ಸತ್ತುಹೋಗುತ್ತಾ ಬಂದಿತ್ತು. ಸಾರು, ಪಲ್ಯ, ಮಜ್ಜಿಗೆ ಯಾವುದೂ ಬಾಯಿಗೆ ಹತ್ತುತ್ತಿರಲಿಲ್ಲ. "ಎಲ್ಲ ಒದ್ದೆ ಮಣ್ಣು ತಿಂದ ಹಾಗೆ ಆಗ್ತದೆ" ಎನ್ನುತ್ತಿದ್ದರು. ಲಿಂಬೆ, ಹುಣಸೆ, ಇಲ್ಲಿಯವರು ಹಾಕುವ ಆಮಸೂಲ್, ಎಲ್ಲ ಹಾಕಿ ನೋಡಿದೆ. ಬಿಂಬುಳಿಯ ಗೊಜ್ಜಿನ ಹುಳಿ ಒಂದೇ ಅವರ ನಾಲಗೆಗೆ ಮುಟ್ಟುತ್ತಿದ್ದದ್ದು. ಅದಿದ್ದ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು, ಇಲ್ಲದ ದಿನ ತಟ್ಟೆ ದೂಡುತ್ತಿದ್ದರು. ಬಳೆಗಳು ಮೊಣಕೈಗೆ ಜಾರುವಷ್ಟು ಇಳಿದುಹೋಗಿದ್ದರು. ಊಟ ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಮಳೆ ಶುರುವಾಗುವ ಮುಂಚಿನ ಒಂದು ಮಂಗಳವಾರ, ಅಂಗಾರಕ ಸಂಕಷ್ಟಿ. ಅತ್ತೆ ಹಟ ಹಿಡಿದರೆಂದು ಅವರನ್ನು ಕರೆದುಕೊಂಡು ಟಿಟ್ವಾಳಾ ಗಣಪತಿಗೆ ಹೋಗಿದ್ದೆ. ಅಲ್ಲಿಯ ಸಾಲು, ಬಿಸಿಲು, ಬರುವಾಗ ರೈಲಿನ ನೂಕಾಟ ಎಲ್ಲ ಮುಗಿಸಿ ಮನೆಗೆ ಬಂದು, ಸಂಜೆಯ ಗೊಜ್ಜಿಗೆ ಕಾಯಿ ಕೊಯ್ಯೋಣವೆಂದು ತಾರಸಿಗೆ ಹತ್ತಿದೆ. ಡ್ರಮ್ಮಿನಲ್ಲಿ ಗಿಡ ಇರಲಿಲ್ಲ. ಗೇಣುದ್ದದ ಮೋಟು ಇತ್ತು. ಮೇಲೆ ಓರೆಯಾದ ಕಡಿತ, ಅದರ ಮೇಲೆ ಹಳದಿ ಲೇಪ, ಲೇಪಕ್ಕೆ ಅಂಟಿ ಒದ್ದಾಡುತ್ತಿದ್ದ ನೊಣ. ಟಾಕಿಯ ಹಿಂದಿನ ರಾಶಿಯಲ್ಲಿ ಆ ಗಿಡ ಬಿದ್ದಿತ್ತು, ಮೈತುಂಬ ಕಾಯಿಗಳ ಸಮೇತ. ಕೂಗಿದೆ ಎಂದು ಕಾಣುತ್ತದೆ, ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಕಾಯಿ ಇತ್ತಲ್ಲ" ಎಂದಷ್ಟೇ ಹೇಳಿ ಅಲ್ಲೇ ಕೂತರು.

ಹೋಟೆಲ್ ಮಾಮ ಕೈಯಲ್ಲಿ ಗರಗಸ ಹಿಡಿದುಕೊಂಡೇ ಬಂದರು. "ಹೆದರ್ಬೇಡ ಮಾರಾಯ್ತಿ, ಎರಡು ವರ್ಷದಲ್ಲಿ ಹೇಗೆ ಬರ್ತದೆ ನೋಡು. ಗೋಳಿಗೆ ಓರೆ ಕಡಿತ ಕೊಡುವ ಮುಂಚೆ ದಪ್ಪ ಕಾಂಡದ ಮೇಲೆ ಒಮ್ಮೆ ನೋಡ್ಬೇಕಿತ್ತು." ಇದನ್ನು ನಗುತ್ತಾ ಹೇಳಿದರು. ಆ ನಗು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವರು, ಬಿಂಬುಳಿ ಕಾಂಡಕ್ಕೇ ಕಾಯಿ ಬಿಡುತ್ತದೆಂದು ಗೊತ್ತಿದ್ದವರು, ಕಾಯಿ ನೇತಾಡುತ್ತಿದ್ದಂತೆಯೇ ಗರಗಸ ಹಾಕಿದ್ದರು.

"ಮನಿ ಮಂದೀನ ಒಂದ್ ಮಾತು ಕೇಳಬಾರದೇನ್ರಿ ಮಾಮಾ?" ಎಂದೆ. "ಅತ್ತಿಯವರ ಊಟ ಇದೊಂದರ ಮ್ಯಾಲ ನಿಂತಿತ್ತು. ಇನ್ನ ಅವರಿಗೆ ಏನ್ ಹಾಕ್ಲಿ, ನಿಮ್ಮ ಶಿರಾ?"

ಅತ್ತೆಯ ನಾಲಗೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಯಾರಿಗೂ ಹೇಳಿಕೊಂಡಿರಲಿಲ್ಲ. ಮಾಮ ಅವರ ಕಡೆ ನೋಡಿದರು, ಜಾರಿದ ಬಳೆಗಳನ್ನು ನೋಡಿದರು. ಗರಗಸವನ್ನು ನೆಲಕ್ಕಿಟ್ಟು ಕೆಳಗೆ ಹೋದರು. ನಾನು ಸೊಳ್ಳೆ ಓಡಿಸುತ್ತಾ ಆ ರಾಶಿಯಿಂದ ಕಾಯಿಗಳನ್ನು ಆರಿಸಿ ತಂದು ಉಪ್ಪಿನಲ್ಲಿ ಹಾಕಿದೆ. ಅದು ಮುಗಿಯುವವರೆಗೆ ಅತ್ತೆಯ ಊಟ ನಡೆಯಿತು.

ಅದು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಬಿಂಬುಳಿ. ವಾಶಿಯ ಹತ್ತಿರ ಯಾವುದೋ ಹಳೆಯ ಕಾಲೊನಿಯಲ್ಲಿ ಒಂದು ಮಲಯಾಳಿ ಮನೆಯ ಅಂಗಳದಲ್ಲಿ ಮರವಿದೆಯೆಂದು ಮಾಮ ಹೋಟೆಲಿನವರ ಮೂಲಕ ಪತ್ತೆ ಮಾಡಿದ್ದರಂತೆ. ಆಮೇಲೆ ಕಾಯಿ ಸಿಗುವ ದಿನಗಳಲ್ಲೆಲ್ಲ ವಾರಕ್ಕೊಮ್ಮೆ ಅವರು ಅಲ್ಲಿಗೆ ಹೋಗುತ್ತಿದ್ದರು. ಥಾಣೆಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು, ಬರುವಾಗ ಅದೇ ಸಂಜೆಯ ಗರ್ದಿ. ಬಿಂಬುಳಿ ಒಂದು ಬೆರಳು ತಾಗಿದರೆ ಜಜ್ಜಿಹೋಗುವ ಕಾಯಿ. ಡೊಂಬಿವಲಿ ಮುಟ್ಟುವ ಹೊತ್ತಿಗೆ ಚೀಲದಲ್ಲಿ ಅರ್ಧ ಕಾಯಿ, ಅರ್ಧ ಲೋಳೆ. ಹುಳಿನೀರು ಸೋರಿ ಪಕ್ಕದವರ ಪ್ಯಾಂಟಿಗೆ ಬಿದ್ದು ಮುಂಬ್ರಾ ಬರುವವರೆಗೆ ಬೈಸಿಕೊಂಡೆ ಎಂದು ಒಮ್ಮೆ ಅತ್ತೆಗೆ ಹೇಳುತ್ತಿದ್ದರು. ನಮ್ಮ ಹೊಸ್ತಿಲ ಮೇಲೆಯೂ ಸೋರುತ್ತಿತ್ತು, ಇರುವೆ ಮುತ್ತುತ್ತಿತ್ತು. ಆ ಲೋಳೆಯೊಳಗೆ ಕೈಹಾಕಿ ಗಟ್ಟಿ ಕಾಯಿ ಆರಿಸುವುದು ನನ್ನ ಪಾಲಿಗೆ. ಅತ್ತೆ ಉಣ್ಣುತ್ತಿದ್ದರು, ಅದು ನನಗೆ ಬೇಕಾಗಿತ್ತು. ಹಾಗೆಂದು ಮಾಮನ ಮೇಲೆ ಕರುಣೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಹೊರಡಲಿಲ್ಲ.

ಮೋಟಿನ ಕಥೆ ಇನ್ನೂ ಕೆಟ್ಟದ್ದು. ಗೋಳಿಯದು ಗಟ್ಟಿ ಜೀವ, ಕಡಿದರೆ ಹಾಲು ಸುರಿದು ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಬಿಂಬುಳಿಯದು ಮೆತ್ತನೆಯ ಕಾಂಡ, ಹಾಲೂ ಇಲ್ಲ. ಗೋಳಿಗೆ ಮಾಡಬೇಕೆಂದಿದ್ದನ್ನೇ ಇದಕ್ಕೆ ಮಾಡಿದ್ದರು. ಮಳೆ ಹಿಡಿದ ಮೇಲೆ ಲೇಪದ ಕೆಳಗೆ ನೀರು ನಿಂತು ಕಾಂಡ ಕೊಳೆಯಿತು. ಬಿಳಿ ಬೂಷ್ಟು, ಅದರ ಮೇಲೆ ಕಪ್ಪು ನೀರು. ಮಾಮ ಕೊಡೆ ಹಿಡಿದುಕೊಂಡು ಕೂತು ಚಮಚದಿಂದ ಕೊಳೆತದ್ದನ್ನು ಕೆರೆದು, ಬೂದಿ ತುಂಬಿ, ಮತ್ತೆ ಮಾರನೆಯ ದಿನ ಕೆರೆಯುತ್ತಿದ್ದರು. ಪ್ಲಾಸ್ಟಿಕ್ಕಿನ ಚಪ್ಪರ ಕಟ್ಟಿದರು. ಗೋಳಿಯನ್ನು ಆ ವರ್ಷ ಮುಟ್ಟಲೇ ಇಲ್ಲ. ಅತ್ತೆ ಮನೆಯಲ್ಲಿ ಕೂರಬಾರದೆ? ಬೆಳಗ್ಗೆ ಕಾಫಿ ಕುಡಿದವರೇ ಮೆಟ್ಟಿಲು ಹತ್ತಿ ಅವರ ಪಕ್ಕ ಹೋಗಿ ಕೂರುತ್ತಿದ್ದರು. ಇಬ್ಬರೂ ತುಳುವಿನಲ್ಲಿ ಅದೇನೋ ಮಾತಾಡಿಕೊಳ್ಳುತ್ತಿದ್ದರು. ನನಗೆ ತುಳು ಅರ್ಧ ತಿಳಿಯುತ್ತದೆ, ಉಳಿದರ್ಧ ತಿಳಿಯುವುದು ಬೇಡವೆಂದು ಬಟ್ಟೆ ಒಣಹಾಕಿ ಬರುತ್ತಿದ್ದೆ.

ಮಳೆ ಒಂದೆರಡು ದಿನ ಬಿಟ್ಟಿದ್ದಾಗ ನಾನು ಕಂಡದ್ದನ್ನು ಹೇಳಲೇಬೇಕು. ಬಟ್ಟೆಯ ಬಕೆಟ್ಟು ಹಿಡಿದು ಮೇಲೆ ಹೋದೆ. ಇಬ್ಬರೂ ಮೋಟಿನ ಮುಂದೆ ಬಗ್ಗಿದ್ದರು. ಮಾಮ ಬುಡದ ಹತ್ತಿರ ಉಗುರಿನಿಂದ ಗೀರಿ ನಾಲಗೆ ತಾಗಿಸಿದರು. ತಲೆ ಅಲ್ಲಾಡಿಸಿ, "ನನಗೆ ಗೊತ್ತಾಗುದಿಲ್ಲ ಅಕ್ಕ, ಬಾಯಿಡೀ ಬೂದಿ" ಎಂದರು. ಆಗ ನನ್ನ ಅತ್ತೆ, ಮಡಿ ಮೈಲಿಗೆ ಎಂದು ನನ್ನನ್ನು ಜೀವಮಾನವಿಡೀ ಗೋಳುಹೊಯ್ದುಕೊಂಡ ಅತ್ತೆ, ಸೆರಗು ಸರಿಸಿ, ಬಗ್ಗಿ, ಅದೇ ಜಾಗಕ್ಕೆ ನಾಲಗೆ ತಾಗಿಸಿದರು. ಕಣ್ಣುಮುಚ್ಚಿ ಬಾಯಿ ಚಪ್ಪರಿಸಿದರು...

"ಉಂಟು" ಎಂದರು. "ಒಳಗೆ ಹುಳಿ ಉಂಟು."

ನಾನು ಬಕೆಟ್ಟು ಬಿಟ್ಟು ಕೆಳಗೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಆಮೇಲೆ ಅತ್ತೆಗೆ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಬೈದೆ. ಅವರು ಬೈಸಿಕೊಂಡು ನಗುತ್ತಿದ್ದರು. ಆ ದಿನ ಗೊಜ್ಜಿಲ್ಲದೆಯೂ ತಟ್ಟೆ ಖಾಲಿ ಮಾಡಿದರು.

ಮಳೆ ಮುಗಿಯುವಾಗ ಮೋಟಿನ ಬುಡದಿಂದ ಚಿಗುರು ಬಂತು. ಮಾಮ ಬಯಸಿದ ಕಡೆಯಿಂದಲ್ಲ, ಕಡಿತದಿಂದ ಎಷ್ಟೋ ಕೆಳಗೆ, ಗುಂಪು ಗುಂಪಾಗಿ. ಅವರ ಶಾಸ್ತ್ರದ ಪ್ರಕಾರ ಒಂದನ್ನು ಉಳಿಸಿ ಬಾಕಿಯದನ್ನು ಚಿವುಟಬೇಕು. ಕತ್ತರಿ ತಂದರು. ಅತ್ತೆ ಡ್ರಮ್ಮಿಗೆ ಕೈ ಅಡ್ಡ ಹಿಡಿದು, "ಮುಟ್ಟಿದ್ರೆ ನೋಡು. ಇದು ನಿನ್ನ ಬೋನ್ಸಾಯಿ ಅಲ್ಲ, ನನ್ನ ಊಟ" ಎಂದರು. ಮಾಮ ಕತ್ತರಿ ಜೇಬಿಗೆ ಹಾಕಿಕೊಂಡರು. ಗಿಡಕ್ಕೆ ರೂಪವೇ ಇಲ್ಲ, ಪೊದೆ ಆಯಿತು ಎಂದು ಗೊಣಗುತ್ತಲೇ ಗೊಬ್ಬರ ಹಾಕುತ್ತಿದ್ದರು. ವಾಶಿಗೆ ಹೋಗುವುದನ್ನು ಬಿಡಲಿಲ್ಲ. ಹೊಸ ಕಾಂಡ ಕಾಯಿ ಬಿಡುವಷ್ಟು ಬಲಿಯಲು ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಚೀಲ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಎರಡು ವರ್ಷ ಕಳೆದ ಮೇಲೆ ಒಂದು ಚಳಿಗಾಲದ ಬೆಳಗ್ಗೆ ಮಾಮ ಎದೆಯಲ್ಲಿ ಹೇಗೋ ಆಗುತ್ತದೆ ಎಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅವರ ಹೆಂಡತಿ ಮಗಳ ಮನೆಗೆ ಹೋದರು, ಗೋಳಿ ಮುಂತಾದವನ್ನೆಲ್ಲ ಯಾವುದೋ ನರ್ಸರಿಯವರು ಟೆಂಪೋದಲ್ಲಿ ತುಂಬಿಕೊಂಡು ಹೋದರು. ಬಾಗಿಲ ಹಿಡಿ ಖಾಲಿ. ಅತ್ತೆಯ ಊಟ ಮತ್ತೆ ಕಡಿಮೆಯಾಯಿತು. ನಾನೇ ಒಂದು ದಿನ ವಾಶಿಗೆ ಹೋಗಿ ಬಿಸಿಲಲ್ಲಿ ಹಳೆಯ ಕಾಲೊನಿಗಳನ್ನೆಲ್ಲ ತಿರುಗಿ, ಕಾಂಪೌಂಡುಗಳ ಮೇಲಿಂದ ಇಣುಕಿ ಬೈಸಿಕೊಂಡು ಬಂದೆ. ಯಾವ ಮನೆಯೆಂದು ಅವರು ಹೇಳಿರಲಿಲ್ಲ, ಹೋಟೆಲಿನಲ್ಲಿ ಅವರ ತಮ್ಮನಿಗೂ ಗೊತ್ತಿರಲಿಲ್ಲ. ಅಷ್ಟು ದೂರ, ಅಷ್ಟು ಸಲ ಹೋಗಿ ಬರುತ್ತಿದ್ದ ಮನುಷ್ಯನ ಮೇಲೆ ಆ ದಿನ ನನಗೆ ವಿಪರೀತ ಸಿಟ್ಟು ಬಂತು, ಸತ್ತದ್ದಕ್ಕೆ.

ಮುಂದಿನ ಬೇಸಿಗೆಯಲ್ಲಿ ಗಿಡ ಕಾಯಿ ಬಿಟ್ಟಿತು. ಹಳೆಯ ಗಾಯದ ಸುತ್ತ, ನೋಡಲು ಅಸಹ್ಯವಾಗುವಷ್ಟು ಒತ್ತೊತ್ತಾಗಿ. ಓಡಿಬಂದು ಗೊಜ್ಜು ಮಾಡಿದೆ. ರುಚಿ ನೋಡಿದಾಗ ನನ್ನ ಹಲ್ಲು ಜುಂ ಎಂದು ಚಳಿತುಹೋಯಿತು. ಅತ್ತೆಯ ತಟ್ಟೆಗೆ ಬಡಿಸಿ ಎದುರಿಗೆ ಕೂತೆ. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಇನ್ನೊಂದು ತುತ್ತು ಇಟ್ಟರು. ನನ್ನ ಮುಖ ನೋಡಿದರು.

"ಹುಳಿ ಇಲ್ಲ ಮಾರಾಯ್ತಿ" ಎಂದರು. ಮತ್ತೆ, "ಆದ್ರೂ ಹಾಕು. ಅವನು ಅಷ್ಟು ಮಾಡಿದ್ದಾನೆ" ಎಂದು ತಟ್ಟೆ ಮುಂದೆ ಮಾಡಿದರು.

ಮರುವರ್ಷ ಅತ್ತೆಯೂ ಇರಲಿಲ್ಲ.

ಗಿಡ ಮಾತ್ರ ವರ್ಷಕ್ಕೆರಡು ಸಲ ಮೈಮೇಲೆ ಬಂದಂತೆ ಕಾಯಿ ಬಿಡುತ್ತದೆ. ತಿನ್ನುವವರಿಲ್ಲ. ನನ್ನ ಮಗನಿಗೆ ಕೊಟ್ಟರೆ "ಛೀ, ಕಿತೀ ಆಂಬಟ್" ಎಂದು ಮರಾಠಿಯಲ್ಲಿ ಅದರ ಹುಳಿಯನ್ನು ಬೈದು ಮುಖ ಹಿಂಡುತ್ತಾನೆ. ಕಾಯಿ ಉದುರಿ, ಒಡೆದು, ತಾರಸಿಯ ತುಂಬ ಅಂಟು. ನೊಣ, ಹುಳಿ ನಾತ, ಟೈಲ್ಸಿನ ಮೇಲೆ ಹೋಗದ ಕಲೆ. ಬೆಳಗ್ಗೆ ಮೂಗಿಗೆ ಸೆರಗು ಕಟ್ಟಿಕೊಂಡು ಬಳಿದು ತೊಳೆದು ಬರುತ್ತೇನೆ. ನನಗೆ ಹೇಸಿಗೆ ಕಡಿಮೆಯಾಗಿದೆ ಎಂದು ಯಾರೂ ತಿಳಿಯಬೇಡಿ.

ಮೊನ್ನೆ ಸೊಸೈಟಿಯ ಸೆಕ್ರೆಟರಿ ಮೇಲೆ ಬಂದಿದ್ದ, ಈ ಕಟ್ಟಡಕ್ಕೆ ಹೊಸಬ. ಪ್ಯಾಂಟು ಎತ್ತಿ ಹಿಡಿದು ಕಾಯಿಗಳನ್ನು ದಾಟಿಕೊಂಡು ಬಂದು, "ಭಾಭೀ, ಯೇ ಝಾಡ್ ಕಿಸಕಾ ಹೈ? ಕಾಟ್ ಡಾಲ್ತೇ ಹೈಂ" ಎಂದ. ಗಿಡ ಯಾರದು, ಕಡಿದುಬಿಡೋಣ ಎಂದು ಅವನು ಹೇಳಿದ್ದು ನ್ಯಾಯವೇ. ಅತ್ತೆಯದು ಎನ್ನಬಹುದಿತ್ತು, ನಮ್ಮದು ಎನ್ನಬಹುದಿತ್ತು.

"ಹೋಟೆಲ್‌ವಾಲೇ ಅಂಕಲ್ ಕಾ ಹೈ" ಎಂದೆ. "ಕಾಟ್ನೇ ಸೇ ಪೆಹಲೇ ಉನ್ಕೋ ಪೂಛ್ನಾ ಪಡೇಗಾ."

ಅವರು ತೀರಿಹೋಗಿ ವರ್ಷಗಳಾದವಂತಲ್ಲ, ಕಡಿಯುವ ಮುಂಚೆ ಅವರನ್ನು ಕೇಳುವುದು ಹೇಗೆ ಎಂದ ಸೆಕ್ರೆಟರಿ. ಗೊತ್ತು ಎಂದು ಹೇಳಿ ನಾನು ನೆಲ ತೊಳೆಯುತ್ತಾ ಹೋದೆ.